ಸುಲುವಿಗೆ ಕಾಫಿ ಯಾಕೆ ಇಳಿಯಲಿಲ್ಲ: ಬ್ರೂಕ್‌ಫೀಲ್ಡ್ ಪ್ರಸ್ಥಾನದ ಒಂದು ನೌಕಾಮೀಮಾಂಸೆ

ನಮ್ಮ ಮೀಮಾಂಸಕರು ಯಾವ ವಿವಾದವನ್ನೂ ಐದು ಅಂಗಗಳಲ್ಲಿ ಬಿಡಿಸುತ್ತಿದ್ದರು: ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ. ಯಜ್ಞದ ವಿಧಿಗಳಿಗೆ ಸಲ್ಲುತ್ತಿದ್ದ ಈ ಕ್ರಮವನ್ನು ‘ಸ್ಟಾರ್ ಟ್ರೆಕ್’ ಸರಣಿಗೆ ಹಚ್ಚಿ ನೋಡದೆ ಬಿಟ್ಟದ್ದು ವಿದ್ವತ್ ಲೋಕದ ದೊಡ್ಡ ಲೋಪ. ಕಿರುತೆರೆಯ ಧಾರಾವಾಹಿಯಲ್ಲಿ ಕಾಡುಪಾಲಾದ ಪುಟ್ಟಗೌರಿಗೆ ಹುಲಿ ಎದುರಾದಾಗ ಕನ್ನಡದ ಮೀಮ್‌ಕಾರರು ಮೆರೆದ ತರ್ಕಪ್ರತಿಭೆ ಅಂತರಿಕ್ಷಕ್ಕೆ ಏರಲೇ ಇಲ್ಲ. ಆ ಕೊರತೆ ನೀಗಲೆಂದು ಬೆಂಗಳೂರಿನ ಬ್ರೂಕ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಡೆದ ವಾಕ್ಯಾರ್ಥಗೋಷ್ಠಿಯ ಸಾರ ಇದು.

ವಿಷಯ

1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿಯಲ್ಲಿ ಶುರುವಾದ ಈ ಸರಣಿ 79 ಕಂತು ಓಡಿ 1969ರಲ್ಲಿ ನಿಂತಿತು. ವಿವಾದಕ್ಕೆ ಗ್ರಾಸವಾದದ್ದು 1966ರ ಅಕ್ಟೋಬರ್ 6ರ ಕಂತು, ‘ದಿ ಎನಿಮಿ ವಿದಿನ್’. ಸಿಬ್ಬಂದಿಯೊಬ್ಬನ ಅಂಗಿಗೆ ಮೆತ್ತಿದ ಹಳದಿ ಅದಿರಿನಿಂದ ಅಂತರಿಕ್ಷ ಹಡಗಿನಿಂದ ಗ್ರಹಕ್ಕೆ ಜನರನ್ನು ಕ್ಷಣದಲ್ಲಿ ಇಳಿಸಿ ಏರಿಸುವ ಟ್ರಾನ್ಸ್‌ಪೋರ್ಟರ್ ಯಂತ್ರ ಕೆಡುತ್ತದೆ. ಕ್ಯಾಪ್ಟನ್ ಕರ್ಕ್ ಒಬ್ಬನಾಗಿ ಹೊರಟು ಇಬ್ಬರಾಗಿ ಬಂದು ನಿಲ್ಲುತ್ತಾನೆ. ಒಬ್ಬ ಸಾಧು, ಇನ್ನೊಬ್ಬ ದುಷ್ಟ. ಕೆಳಗೆ ಗ್ರಹದಲ್ಲಿ ಹಡಗಿನ ಅಧಿಕಾರಿ ಸುಲು ಮತ್ತು ಸಂಗಡಿಗರು ಸಿಕ್ಕಿಬಿದ್ದಿದ್ದಾರೆ. ರಾತ್ರಿಯ ಚಳಿ ಸೊನ್ನೆಗಿಂತ 120 ಡಿಗ್ರಿ ಕೆಳಗೆ. ಮೇಲಿನಿಂದ ಕಳಿಸಿದ ಹೀಟರುಗಳೂ ಎರಡೆರಡಾಗಿ ಇಳಿಯುತ್ತವೆ, ಒಂದೂ ಕೆಲಸ ಮಾಡುವುದಿಲ್ಲ. ಫೇಸರ್ ಬಂದೂಕಿನಿಂದ ಬಂಡೆ ಕಾಯಿಸಿಕೊಂಡು ಕೂತ ಸುಲು, ಉದ್ದದ ಹಗ್ಗವೇನಾದರೂ ಸಿಕ್ಕಿದರೆ ಬಿಸಿ ಕಾಫಿ ಇಳಿಬಿಡಿ ಎಂದು ಬೇಡುತ್ತಾನೆ.

ಸಂಶಯ

ಹಡಗಿನಲ್ಲಿ 400ಕ್ಕೂ ಮಿಕ್ಕಿ ಜನ. ಸಣ್ಣ ನೌಕೆಯೊಂದನ್ನು ಇಳಿಸಿ ಅವರನ್ನು ಕರೆತರೋಣವೆಂದು ಒಬ್ಬರಿಗೂ ಹೊಳೆಯಲಿಲ್ಲವೆ? ದೋಷ ಪಾತ್ರಗಳ ಬುದ್ಧಿಯದೋ, ಕಥೆಯದೋ?

ಪೂರ್ವಪಕ್ಷ

ಗೋಷ್ಠಿಯಲ್ಲಿದ್ದ ಸಾಫ್ಟ್‌ವೇರ್ ಟೆಸ್ಟಿಂಗ್ ಪಂಥದವರ ವಾದ ಹೀಗಿದೆ. ಒಂದು, ಮೇಲೆ ಹೇಳಿದ ನೌಕೆಯ ಬಗ್ಗೆ ಯಾರೂ ಬಾಯಿ ಬಿಡದಿರುವುದು ಕ್ರಿಟಿಕಲ್ ಬಗ್. ಎರಡು, ಕಂಡ ಕಂಡ ಗ್ರಹದವರೆಲ್ಲ ಅಚ್ಚುಕಟ್ಟಾಗಿ ಇಂಗ್ಲಿಷ್ ಮಾತಾಡುವುದು ಅಸಂಭವ. ಮೂರು, ಹಡಗು ಕುಲುಕಿದಾಗಲೆಲ್ಲ ಅಧಿಕಾರಿಗಳು ಕುರ್ಚಿಯಿಂದ ಉರುಳುತ್ತಾರೆ, ಸೀಟ್ ಬೆಲ್ಟ್ ಇಲ್ಲ. ನಾಲ್ಕು, ಗೊತ್ತುಗುರಿಯಿಲ್ಲದ ಗ್ರಹಕ್ಕೆ ಕ್ಯಾಪ್ಟನ್ನೇ ಇಳಿಯುತ್ತಾನೆ. ಅದೂ ಉಪನಾಯಕನನ್ನೂ ಡಾಕ್ಟರನ್ನೂ ಜೊತೆಗೆ ಕಟ್ಟಿಕೊಂಡು.

ಉತ್ತರಪಕ್ಷ

ಮೊದಲ ಆಕ್ಷೇಪಕ್ಕೆ ಪ್ರತ್ಯಕ್ಷ ಪ್ರಮಾಣವೇ ಉತ್ತರ. 2023ರ ಮಾರ್ಚ್ 25ರಂದು ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗೆ ಮೆಟ್ರೋ ಉದ್ಘಾಟನೆಯಾಯಿತು. ಊರಿನ ಉಳಿದ ಮೆಟ್ರೋ ಬೈಯಪ್ಪನಹಳ್ಳಿಯಲ್ಲೇ ನಿಂತಿತ್ತು. ನಡುವೆ ಉಳಿದದ್ದು ಎರಡು ಕಿಲೋಮೀಟರ್ ಚಿಲ್ಲರೆ. ಅಕ್ಟೋಬರ್ 9ಕ್ಕೆ ಅದು ಜೋಡಣೆಯಾಗುವ ತನಕ, ಕುಂದಲಹಳ್ಳಿ ಸ್ಟೇಷನ್ನಿನಲ್ಲಿ ತಣ್ಣನೆಯ ಬೋಗಿ ಹತ್ತಿದವನು ಕೆ.ಆರ್. ಪುರದಲ್ಲಿ ಮೆಟ್ಟಿಲಿಳಿದು, ಹೊಗೆ ಕುಡಿದು, ಫೀಡರ್ ಬಸ್ಸಿನಲ್ಲಿ ಜೋತುಬಿದ್ದು, ಬೈಯಪ್ಪನಹಳ್ಳಿಯಲ್ಲಿ ಮತ್ತೆ ಮೆಟ್ಟಿಲು ಹತ್ತಿ, ಬ್ಯಾಗನ್ನು ಇನ್ನೊಮ್ಮೆ ಸ್ಕ್ಯಾನರಿಗೆ ಹಾಕಬೇಕಿತ್ತು. ಎರಡು ತುದಿ ತಯಾರಾಗಿ ನಡುವಿನ ತುಂಡು ಮಾತ್ರ ಇಲ್ಲದ ಈ ಕಥೆಯನ್ನು ಯಾರಾದರೂ ಬರೆದುಕೊಟ್ಟಿದ್ದರೆ ಟೆಸ್ಟಿಂಗ್ ಪಂಥ ಅಸಂಭಾವ್ಯವೆಂದು ವಾಪಸ್ ಕಳಿಸುತ್ತಿತ್ತು. ಅದೇ ಪಂಥದವರು ಆ ಬಸ್ಸಿನಲ್ಲಿ ಆರು ತಿಂಗಳು ನಿಂತು ಹೋಗಿದ್ದಾರೆ. ಇದೇಕೆ ಹೀಗೆ ಎಂದು ಪಾತ್ರಗಳಾಗಿ ಅವರೂ ಕೇಳಲಿಲ್ಲ. ಪಾತ್ರಗಳು ಅಡ್ಜಸ್ಟ್ ಮಾಡಿಕೊಳ್ಳುತ್ತವೆ, ಕೇಳುವುದು ಪ್ರೇಕ್ಷಕರು ಮಾತ್ರ.

ಇನ್ನು ಅರ್ಥಾಪತ್ತಿ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಹಾಗಾದರೆ ರಾತ್ರಿ ಉಣ್ಣುತ್ತಾನೆ ಎಂದು ಶಾಸ್ತ್ರ ಹೇಳುತ್ತದೆ. (ಬ್ರೂಕ್‌ಫೀಲ್ಡಿನ ದೇವದತ್ತ ರಾತ್ರಿ ಉಣ್ಣುವುದು ಆಫೀಸಿನಲ್ಲಿ, ಅವನ ಕ್ಲೈಂಟ್ ಅಮೆರಿಕದಲ್ಲಿರುವುದರಿಂದ.) ಹಾಗೆಯೇ ಸುಲುವಿನ ಚಳಿಗೂ ಪರದೆಯ ಹಿಂದೆ ಕಾರಣವೊಂದಿದೆ, ಅದು ದುಡ್ಡು. ವಾರವಾರವೂ ಹಡಗು ಗ್ರಹಕ್ಕಿಳಿಯುವುದನ್ನು ಚಿತ್ರಿಸುವ ಖರ್ಚು ತಾಳಲಾರದೆ ನಿರ್ಮಾಪಕರು ಟ್ರಾನ್ಸ್‌ಪೋರ್ಟರನ್ನು ಕಲ್ಪಿಸಿದರು. ಸಣ್ಣ ನೌಕೆ ಕಟ್ಟಲೂ ಕೈಯಲ್ಲಿ ಕಾಸಿರಲಿಲ್ಲ. ಕೊನೆಗೆ ಪ್ಲಾಸ್ಟಿಕ್ ಮಾದರಿಗಳನ್ನು ಮಾರುವ ಹಕ್ಕು ಪಡೆದು ಎಎಂಟಿ ಎಂಬ ಆಟಿಕೆ ಕಂಪನಿ ಅದನ್ನು ಮಾಡಿಸಿಕೊಟ್ಟಿತು. ‘ಗೆಲಿಲಿಯೋ’ ಎಂಬ ಆ ನೌಕೆ ತೆರೆಗೆ ಬಂದದ್ದು 1967ರ ಜನವರಿ 5ರಂದು. ಸುಲು ನಡುಗಿದ್ದು ಅಕ್ಟೋಬರಿನಲ್ಲಿ. ನಡುವಿನ ಮೂರು ತಿಂಗಳು ಅವನ ದಡ್ಡತನವಲ್ಲ, ಬಜೆಟ್ಟು.

ಎರಡನೆಯ ಆಕ್ಷೇಪ ನಿಲ್ಲುವುದೇ ಇಲ್ಲ. ಎಇಸಿಎಸ್ ಲೇಔಟಿನ ತರಕಾರಿ ಗಾಡಿಯಮ್ಮ ಟೊಮೆಟೊ ದರವನ್ನು ಕನ್ನಡ, ತೆಲುಗು, ತಮಿಳು, ಹಿಂದಿಗಳಲ್ಲಿ ಹೇಳುತ್ತಾಳೆ. ಗಿರಾಕಿ ಹತ್ತು ವರ್ಷದಿಂದ ‘ಭಯ್ಯಾ’ ಎಂಬ ಒಂದೇ ಪದದಲ್ಲಿ ವ್ಯವಹಾರ ಮುಗಿಸುತ್ತಾನೆ, ಅದನ್ನೂ ಆಯಮ್ಮನಿಗೇ ಅನ್ನುತ್ತಾನೆ. ಹಡಗಿನವರು ಭಾಷೆ ಕಲಿಯದೆ ಗ್ರಹದವರೇ ಕಲಿತಿರುವುದು ಪರಮ ವಾಸ್ತವವಾದ. ಮೂರನೆಯದಕ್ಕೆ, ಐಟಿಪಿಎಲ್ ರಸ್ತೆಯಲ್ಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಒಮ್ಮೆ ಕೂತು ಬರತಕ್ಕದ್ದು.

ನಾಲ್ಕನೆಯದನ್ನು ಮಾತ್ರ ಸಿದ್ಧಾಂತಿಗಳು ಒಪ್ಪಿದರು. ಸರ್ವರ್ ಬಿದ್ದಾಗ ಡೈರೆಕ್ಟರು ಕಾಲ್‌ಗೆ ಸೇರಿ ‘ಇಟಿಎ ಎಷ್ಟು’ ಎಂದು ಕೇಳುವರೇ ಹೊರತು ತಾವಾಗಿ ಇಳಿದದ್ದು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ. ಇಡೀ ಸರಣಿಯಲ್ಲಿ ನಿಜವಾದ ವೈಜ್ಞಾನಿಕ ಕಲ್ಪನೆ ಇದೊಂದೇ.

ಸರಣಿಯಲ್ಲಿ ಹೆಸರಿಲ್ಲದ ಕೆಂಪಂಗಿಯ ಕಾವಲುಗಾರರು ಮೊದಲು ಸಾಯುತ್ತಾರೆ. ಇದನ್ನು ಯಾವ ಪಂಥವೂ ಆಕ್ಷೇಪವಾಗಿ ಎತ್ತಲಿಲ್ಲ. ಎತ್ತಬಹುದಿತ್ತೇನೋ, ಅಷ್ಟರಲ್ಲಿ ಬಿರಿಯಾನಿ ತಂದ ಕೆಂಪು ಟೀ ಶರ್ಟಿನ ಹುಡುಗ ಮಳೆಯಲ್ಲಿ ಗೇಟಿನಾಚೆ ಕಾಯುತ್ತಿರುವನೆಂದು ಸೆಕ್ಯೂರಿಟಿ ಫೋನು ಬಂತು. ಅವನನ್ನು ಸರ್ವಿಸ್ ಲಿಫ್ಟಿನಲ್ಲಿ ಕಳಿಸಬೇಕೆಂಬ ಬಗ್ಗೆ ಎರಡೂ ಪಂಥಗಳಲ್ಲಿ ಒಮ್ಮತವಿತ್ತು.

ನಿರ್ಣಯ

ಕಥೆಯ ತೂತುಗಳೆಲ್ಲ ಕಥೆಗಾರನವಲ್ಲ, ಹೆಚ್ಚಿನವು ಖಜಾಂಚಿಯವು. ಪಾತ್ರಗಳ ಬುದ್ಧಿಯನ್ನು ಹಳಿಯುವ ಮುನ್ನ ಅವರಿಗೆ ಮಂಜೂರಾದ ಮೊತ್ತವನ್ನು ನೋಡತಕ್ಕದ್ದು.

ಫಲಶ್ರುತಿ: ಈ ಪ್ರಬಂಧವನ್ನು ಶ್ರದ್ಧೆಯಿಂದ ಓದಿದವರು ಇನ್ನು ಮುಂದೆ ಸರಣಿ ನೋಡುತ್ತಾ ‘ಹೀಗೂ ಉಂಟೆ?’ ಎಂದು ಮನೆಯವರ ತಲೆ ತಿನ್ನುವುದನ್ನು ಬಿಟ್ಟು, ಅದೇ ಪ್ರಶ್ನೆಯನ್ನು ಅಸೋಸಿಯೇಷನ್ ಮೀಟಿಂಗಿನಲ್ಲಿ ಮೇಂಟೆನೆನ್ಸ್ ಲೆಕ್ಕ ಓದುವಾಗ ಕೇಳುವರು.