ನರ್ಸಮ್ಮನ ಕೈಗೂ ಪೆನ್ನು ಕೊಡಿ: ವೈದ್ಯ ಸಂಘದ ಹಿರಿಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಡಾಕ್ಟರರೇ,

2019ರ ಜುಲೈ 31ರಂದು ನೀವು ದೇಶದುದ್ದಕ್ಕೂ ಹೊರರೋಗಿ ವಿಭಾಗ ನಿಲ್ಲಿಸಿ ಮುಷ್ಕರ ಹೂಡಿದಿರಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಸೂದೆಯಲ್ಲಿ ನಿಮಗೆ ಹೆಚ್ಚು ಚುಚ್ಚಿದ್ದು 32ನೇ ಕಲಂ. ವೈದ್ಯರಲ್ಲದ ಆರೋಗ್ಯ ಸಿಬ್ಬಂದಿಗೆ ಸಮುದಾಯ ಆರೋಗ್ಯ ಸೇವಕರೆಂದು ಸೀಮಿತ ಪರವಾನಗಿ ಕೊಡಬಹುದು, ಪ್ರಾಥಮಿಕ ಮತ್ತು ರೋಗತಡೆ ಆರೈಕೆಯಲ್ಲಿ ಅವರು ನಿಗದಿಯಾದ ಕೆಲವು ಔಷಧಿಗಳನ್ನು ತಾವೇ ಬರೆಯಬಹುದು ಎಂದು ಆ ಕಲಂ ಹೇಳುತ್ತದೆ. ಅಂಥವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದು ಭಾಗ ಮೀರಬಾರದೆಂಬ ಮಿತಿಯೂ ಅಲ್ಲೇ ಇದೆ. ನಕಲಿ ವೈದ್ಯರಿಗೆ ಇದು ರಹದಾರಿ ಎಂದು ನೀವು ವಾದಿಸಿದಿರಿ. ಮಸೂದೆ ಕಾಯ್ದೆಯಾಯಿತು. ಆದರೆ ಆ ಕಲಂ ಹೇಳುವ ಪರವಾನಗಿ ನಮ್ಮ ಊರಿನ ಉಪಕೇಂದ್ರದ ಬಾಗಿಲಿಗೆ ಇವತ್ತಿಗೂ ಬಂದಿಲ್ಲ.

ನಾನು ವೈದ್ಯಳೂ ಅಲ್ಲ, ನರ್ಸೂ ಅಲ್ಲ. ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಸಕ್ಕರೆ ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುತ್ತಿರುವ ಮಗಳು. ನಮ್ಮ ಮನೆಗೆ ಈಗ ಯಾರಾದರೂ ಕುಟುಂಬ ವೈದ್ಯರು ಇದ್ದಾರೆಂದರೆ ಅದು ಉಪಕೇಂದ್ರದಲ್ಲಿ ಕೂರುವ ಸಮುದಾಯ ಆರೋಗ್ಯ ಅಧಿಕಾರಿ. ಓದಿರುವುದು ಬಿ.ಎಸ್‌ಸಿ ನರ್ಸಿಂಗ್, ನೌಕರಿ ಗುತ್ತಿಗೆಯದು. ಊರಿನವರು ಕರೆಯುವುದು ಸಿಸ್ಟರಮ್ಮ ಎಂದು. 2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮಾಡಲು ಹೊರಟಾಗ ಹುಟ್ಟಿದ ಹುದ್ದೆ ಇದು. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, ಗುಡ್ಡಗಾಡಿನಲ್ಲಿ 3,000ಕ್ಕೆ ಒಂದು ಎಂಬುದು ಲೆಕ್ಕ.

ಇವರು ಮಾಡುವ ಕೆಲಸ ಎಂಥದ್ದೆಂದು ನೀವು ಹತ್ತಿರದಿಂದ ನೋಡಬೇಕು. ಹೋದ ಚಳಿಗಾಲದಲ್ಲಿ ಅಮ್ಮನ ತಿಂಗಳ ಮಾತ್ರೆ ತರಲು ಇಬ್ಬರೂ ಹೋಗಿದ್ದೆವು. ಸಕ್ಕರೆ ನೋಡಿ, ಬಿಪಿ ನೋಡಿ, ಮಾತ್ರೆ ಎಣಿಸಿ ಕೊಟ್ಟ ಮೇಲೆ ಸಿಸ್ಟರ್ ಕುರ್ಚಿಯಿಂದಿಳಿದು ನೆಲದ ಮೇಲೆ ಕೂತರು.

"ಅಮ್ಮ, ಚಪ್ಪಲಿ ಬಿಚ್ಚಿ. ಕಾಲು ನೋಡಣ."

"ಕಾಲಿಗೇನಾಗೈತೆ ಕಣವ್ವ? ಒಂಚೂರೂ ನೋವಿಲ್ಲ."

"ನೋವಿಲ್ಲ ಅಂತೀರಲ್ಲ, ಅದಕ್ಕೇ ನಂಗೆ ಭಯ."

ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಕಿರುಬೆರಳ ಸಂದಿಯಲ್ಲಿ ಕಡಲೆಕಾಳಿನಷ್ಟು ಹುಣ್ಣು, ಸುತ್ತಲೂ ಬೆಳ್ಳಗೆ ನೆನೆದ ಚರ್ಮ. ಅಮ್ಮನಿಗೆ ಅದರ ಅರಿವೇ ಇರಲಿಲ್ಲ, ದಿನಾ ಜೊತೆಗಿರುವ ನನಗೂ ಇರಲಿಲ್ಲ. ತೊಳೆದು ಪಟ್ಟಿ ಕಟ್ಟುತ್ತಲೇ ಸಿಸ್ಟರ್ ನನ್ನನ್ನು ವಿಚಾರಿಸತೊಡಗಿದರು. ಮನೆಯಲ್ಲಿ ಅಡುಗೆ ಯಾರು ಮಾಡುವುದು, ರಾತ್ರಿ ಮುದ್ದೆ ಎಷ್ಟು ಗಾತ್ರ, ಬಚ್ಚಲಿಗೆ ಹೋಗುವಾಗ ಬರಿಗಾಲೋ ಚಪ್ಪಲಿಯೋ, ಇತ್ತೀಚೆಗೆ ನಿಮ್ಮ ಬಿಪಿ ನೋಡಿಸಿಕೊಂಡದ್ದು ಯಾವಾಗ. ತಾಲೂಕು ಕೇಂದ್ರದ ತಜ್ಞರು ಅಮ್ಮನ ರಿಪೋರ್ಟ್ ನೋಡಿ ಮಾತ್ರೆ ಸರಿಯಾಗಿಯೇ ಬರೆದಿದ್ದರು, ಅವರನ್ನು ದೂರುತ್ತಿಲ್ಲ. ಹೊರಗೆ ಅರವತ್ತು ಜನ ಕಾಯುತ್ತಿರುವಾಗ ಚಪ್ಪಲಿ ಬಿಚ್ಚಿಸಿ ಬೆರಳ ಸಂದು ನೋಡಲು ಅವರಿಗೆ ಹೊತ್ತೆಲ್ಲಿ?

ಇದೇ ಸಿಸ್ಟರ್ ಕೈಕಟ್ಟಿ ಕೂರಬೇಕಾದದ್ದನ್ನೂ ಕಂಡಿದ್ದೇನೆ. ಮಗುವಿನ ಜ್ವರಕ್ಕೆಂದು ಬಂದ ರೈತರೊಬ್ಬರಿಗೆ, ವಯಸ್ಸು ಮೂವತ್ತು ದಾಟಿದೆಯೆಂದು ಬಿಪಿ ನೋಡಿದರು. 170ರ ಮೇಲೆ 110. ಸ್ವಲ್ಪ ಹೊತ್ತು ಕೂರಿಸಿ ಇನ್ನೊಂದು ತೋಳಿಗೆ ಪಟ್ಟಿ ಸುತ್ತಿ ನೋಡಿದರೂ ಹೆಚ್ಚೂಕಡಿಮೆ ಅಷ್ಟೇ. ಬೀರುವಿನಲ್ಲಿ ಆಮ್ಲೋಡಿಪಿನ್ ಮಾತ್ರೆ ಇತ್ತು. ಆದರೆ ಹೊಸ ರೋಗಿಗೆ ಮಾತ್ರೆ ಶುರು ಮಾಡುವುದು ವೈದ್ಯರ ಕೆಲಸ, ವೈದ್ಯರು ಬರೆದದ್ದನ್ನು ತಿಂಗಳು ತಿಂಗಳು ಕೊಡುವುದಷ್ಟೇ ಇವರದು. ಇ-ಸಂಜೀವಿನಿ ಎಂಬ ಸರ್ಕಾರಿ ದೂರ ಸಮಾಲೋಚನೆಯಲ್ಲಿ ವೈದ್ಯರನ್ನು ಹಿಡಿಯಲು ನೋಡಿದರು. ಸರದಿ ಬರುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಚೀಟಿ ಬರೆದುಕೊಟ್ಟರು. ಕಾಯಿ ಕೀಳುವ ಕಾಲ, ಆ ಮನುಷ್ಯ ಹೋಗಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ತಲೆನೋವಿನ ಮಾತ್ರೆ ಕೇಳಿ ತಂದುಕೊಂಡು ಕೆಲಸಕ್ಕಿಳಿದರು. ಸಿಸ್ಟರ್ ಮತ್ತು ಆಶಾ ಕಾರ್ಯಕರ್ತೆ ಸಂಜೆ ಹೊತ್ತು ಮನೆಗೇ ಹೋಗಿ ಹೋಗಿ ಒಪ್ಪಿಸಿದ ಮೇಲೆ, ವಾರಗಳು ಕಳೆದು, ಅವರು ಡಾಕ್ಟರ ಮುಂದೆ ಕೂತರು. ಡಾಕ್ಟರು ಬರೆದದ್ದು ಆಮ್ಲೋಡಿಪಿನ್ 5 ಮಿಲಿಗ್ರಾಂ, ರಾತ್ರಿ ಒಂದು.

ಅಷ್ಟೂ ವಾರ ಆ ಮಾತ್ರೆ ಅವರ ಮನೆಯಿಂದ ಕೂಗಳತೆ ದೂರದ ಬೀರುವಿನಲ್ಲಿತ್ತು. ರಕ್ತದೊತ್ತಡಕ್ಕೆ ಮೊದಲು ಯಾವ ಮಾತ್ರೆ, ತಿಂಗಳಲ್ಲಿ ಇಳಿಯದಿದ್ದರೆ ಮುಂದೇನು, ಎಷ್ಟಾದರೆ ಮೇಲಿನ ಆಸ್ಪತ್ರೆಗೆ ಎನ್ನುವುದನ್ನು ಗೋಡೆಗೆ ಅಂಟಿಸುವ ಒಂದೇ ಹಾಳೆಯಲ್ಲಿ ಬರೆಯಬಹುದೆಂದು ತೋರಿಸಿಕೊಟ್ಟವರೂ ನಿಮ್ಮವರೇ. 2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಇಂಥ ಹಾಳೆಗಳ ಮೇಲೆಯೇ ನಡೆಯುತ್ತಿದೆ. ಹಾಳೆ ಇದೆ, ಮಾತ್ರೆ ಇದೆ, ಓದಿ ನಡೆಸಬಲ್ಲ ಪದವೀಧರೆ ಇದ್ದಾರೆ. ಇಲ್ಲದ್ದು ಅವರ ಸಹಿಗೆ ಬೆಲೆ.

ಬೇರೆ ದೇಶದವರು ಈ ಹಾದಿ ತುಳಿದು ಅರವತ್ತು ವರ್ಷವಾಯಿತು. 1965ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದರು. ವೈದ್ಯರು ಸಿಗದ ಊರುಗಳಲ್ಲಿ ಮಕ್ಕಳನ್ನು ನೋಡುವವರಿಲ್ಲ ಎಂಬುದೇ ಅವರ ಚಿಂತೆಯಾಗಿತ್ತು. ಅದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜಿನ್ ಸ್ಟೆಡ್, ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿ ದುಡಿದು ಬಂದಿದ್ದ ನಾಲ್ವರನ್ನು ತೆಗೆದುಕೊಂಡು ಫಿಸಿಶಿಯನ್ ಅಸಿಸ್ಟೆಂಟ್ ತರಗತಿ ಶುರುಮಾಡಿದರು. ಸ್ಟೆಡ್ ಮೊದಲು ಕೈಹಾಕಿದ್ದು ನರ್ಸ್‌ಗಳಿಗೆ ಹೆಚ್ಚಿನ ತರಬೇತಿ ಕೊಡುವ ಕೆಲಸಕ್ಕೆ. ಅದಕ್ಕೆ ಮಾನ್ಯತೆ ಕೊಡದೆ ತಡೆದದ್ದು ನರ್ಸಿಂಗ್ ಶಿಕ್ಷಣದ ಸಂಸ್ಥೆಯೇ. ಹೊಸಬರನ್ನು ಕಂಡರೆ ಬಾಗಿಲಿಗೆ ಅಡ್ಡ ನಿಲ್ಲುವ ಅಭ್ಯಾಸ ಡಾಕ್ಟರರಿಗೆ ಮಾತ್ರ ಇರುವುದಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಈಗ ಅಮೆರಿಕದ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್ ತಾವೇ ರೋಗ ಗುರುತಿಸಿ, ಔಷಧಿ ಬರೆದು, ಸ್ವಂತ ಕ್ಲಿನಿಕ್ ನಡೆಸಬಹುದು. ನಮ್ಮಲ್ಲಿ ಬಿ.ಎಸ್‌ಸಿ ನರ್ಸಿಂಗ್ ಓದಿದ ಹುಡುಗಿ ಅಲ್ಲಿಗೆ ಹೋಗಿ ಮುಂದೆ ಓದಿದರೆ ಒಂದು ಊರಿನ ಕುಟುಂಬಗಳ ಹೊಣೆ ಹೊರಬಲ್ಲಳು. ಇಲ್ಲೇ ಉಳಿದರೆ ಆ ಹೊಣೆಗೆ ಬೇಕಾದ ಅಧಿಕಾರವಿಲ್ಲ.

ರೋಗಿಗೆ ಅಪಾಯವಾದರೆ ಎನ್ನುವುದು ನಿಮ್ಮ ಮೊದಲ ಪ್ರಶ್ನೆ. ಕೇಳಲೇಬೇಕಾದ ಪ್ರಶ್ನೆ. ಅದನ್ನು ಚೊಕ್ಕವಾಗಿ ಕೇಳಿದ್ದು ಕೆನಡಾದ ಒಂಟಾರಿಯೊದಲ್ಲಿ, 1971–72ರಲ್ಲಿ. ಬರ್ಲಿಂಗ್ಟನ್ ಊರಿನ ಇಬ್ಬರು ಕುಟುಂಬ ವೈದ್ಯರ ಬಳಿ ಬರುತ್ತಿದ್ದ 1,598 ಕುಟುಂಬಗಳನ್ನು ಚೀಟಿ ಎತ್ತಿದಂತೆ ಹಂಚಿದರು. ಕೆಲವು ಕುಟುಂಬಗಳು ವೈದ್ಯರ ಬಳಿಯೇ ಉಳಿದವು, ಉಳಿದವನ್ನು ತರಬೇತಾದ ನರ್ಸ್‌ಗಳು ನೋಡಿದರು. ಒಂದು ವರ್ಷ ಕಳೆದು ಲೆಕ್ಕ ಹಾಕಿದರೆ ಸಾವು, ಓಡಾಟದ ಶಕ್ತಿ, ಮನಸ್ಸಿನ ಸ್ಥಿತಿ ಎರಡೂ ಗುಂಪಿನಲ್ಲಿ ಒಂದೇ ತೆರ. ನರ್ಸ್‌ಗಳ ಬಳಿ ಬಂದ ನೂರು ಭೇಟಿಗಳಲ್ಲಿ 67ನ್ನು ಅವರು ವೈದ್ಯರನ್ನು ಕರೆಯದೆಯೇ ನಿಭಾಯಿಸಿದ್ದರು. ಉಳಿದವಕ್ಕೆ ವೈದ್ಯರನ್ನು ಕರೆದಿದ್ದರು. ನನಗೆ ಈ ಎರಡನೆಯದೇ ಹೆಚ್ಚು ಧೈರ್ಯ ಕೊಡುತ್ತದೆ. ಆ ಪ್ರಯೋಗದಿಂದ ನಷ್ಟವಾದದ್ದು ವೈದ್ಯರ ಆದಾಯಕ್ಕೆ, ಏಕೆಂದರೆ ನರ್ಸ್ ನೋಡಿದ ಭೇಟಿಗೆ ಶುಲ್ಕ ಕೊಡಲು ಅಲ್ಲಿನ ನಿಯಮದಲ್ಲಿ ಅವಕಾಶವಿರಲಿಲ್ಲ. ಮುಂದೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2018ರ ಕಾಕ್ರೇನ್ ವಿಮರ್ಶೆಯೂ ಪ್ರಾಥಮಿಕ ಆರೈಕೆಯಲ್ಲಿ ನರ್ಸ್‌ಗಳ ಫಲಿತಾಂಶ ವೈದ್ಯರದಕ್ಕೆ ಸರಿಸಮ ಅಥವಾ ಒಂದು ಕೈ ಮೇಲು ಎಂದೇ ಹೇಳಿತು. ನರ್ಸ್‌ಗಳು ರೋಗಿಯೊಂದಿಗೆ ಹೆಚ್ಚು ಹೊತ್ತು ಕಳೆಯುತ್ತಾರೆ ಎಂಬುದೂ ಅದರಲ್ಲಿ ಇದೆ.

ಅದೆಲ್ಲ ಶೀತದೇಶದ ಮಾತು ಎನ್ನುವುದಾದರೆ ಛತ್ತೀಸಗಢ ಇದೆ. 2001ರಲ್ಲಿ ಅಲ್ಲಿ ಮೂರು ವರ್ಷದ ವೈದ್ಯಕೀಯ ಕೋರ್ಸ್ ಶುರುವಾಯಿತು, ವಿರೋಧಕ್ಕೆ ಸಿಕ್ಕಿ ಕೆಲವೇ ವರ್ಷದಲ್ಲಿ ನಿಂತೂ ಹೋಯಿತು. ಅಷ್ಟರಲ್ಲಿ ಓದಿ ಹೊರಬಂದವರನ್ನು ಸರ್ಕಾರ ಗ್ರಾಮೀಣ ವೈದ್ಯಕೀಯ ಸಹಾಯಕರೆಂದು ಕಾಡಿನಂಚಿನ ಆರೋಗ್ಯ ಕೇಂದ್ರಗಳಿಗೆ ಹಾಕಿತು. ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾದ ಸಂಶೋಧಕರು ಹೋಗಿ ಪರೀಕ್ಷಿಸಿದಾಗ, ಸಾಮಾನ್ಯ ಕಾಯಿಲೆಗಳ ಮಟ್ಟಿಗೆ ಅವರ ಸಾಮರ್ಥ್ಯ ಎಂಬಿಬಿಎಸ್ ವೈದ್ಯರಿಗೆ ಸಾಟಿಯಾಗಿತ್ತು.

ನಿಮ್ಮ ಭಯಕ್ಕೂ ಆಧಾರವಿದೆ, ಅದನ್ನು ಮುಚ್ಚಿಟ್ಟು ವಾದ ಮಾಡುವುದು ನನಗೆ ಬೇಡ. ಇಂಗ್ಲೆಂಡಿನಲ್ಲಿ ಯುವತಿಯೊಬ್ಬಳು ತನ್ನನ್ನು ನೋಡಿದವರು ಡಾಕ್ಟರಲ್ಲ, ಫಿಸಿಶಿಯನ್ ಅಸೋಸಿಯೇಟ್ ಹೆಸರಿನ ಸಹಾಯಕರು ಎಂಬುದು ತಿಳಿಯದೆಯೇ ಎರಡು ಸಲ ತೋರಿಸಿಕೊಂಡು ಬಂದಳು. ರಕ್ತ ಹೆಪ್ಪುಗಟ್ಟಿದ್ದನ್ನು ಅವರು ಗುರುತಿಸಲಿಲ್ಲ, ಆಕೆ ತೀರಿಕೊಂಡಳು. ಇಂಥ ಪ್ರಕರಣಗಳ ಬಳಿಕ ಸರ್ಕಾರ ವಿಚಾರಣೆ ಮಾಡಿಸಿತು. ಪ್ರೊ. ಜಿಲಿಯನ್ ಲೆಂಗ್ ಅವರು 2025ರ ಜುಲೈನಲ್ಲಿ ಕೊಟ್ಟ ವರದಿ ಹುದ್ದೆಯನ್ನು ರದ್ದುಮಾಡಿ ಎನ್ನಲಿಲ್ಲ. ಯಾರು ಡಾಕ್ಟರು, ಯಾರು ಸಹಾಯಕರು ಎಂಬುದು ರೋಗಿಗೆ ಕಣ್ಣಿಗೆ ಕಾಣಬೇಕು, ಯಾವ ಕಾಯಿಲೆಯೆಂದು ಇನ್ನೂ ಗೊತ್ತಾಗದ ರೋಗಿಯನ್ನು ಮೊದಲು ವಿಂಗಡಿಸದೆ ಅವರ ಮುಂದೆ ಕೂರಿಸಬಾರದು, ಮೇಲ್ವಿಚಾರಣೆಗೆ ಹೆಸರು ಹಿಡಿದು ಒಬ್ಬ ವೈದ್ಯರಿರಬೇಕು ಎಂದಿತು. ಎದೆನೋವೆಂದು ಬಂದವರಿಗೆ ನಮ್ಮ ಸಿಸ್ಟರ್ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುವ ವ್ಯವಸ್ಥೆ ನನಗೂ ಬೇಡ. ಯಾವುದನ್ನು ಮುಟ್ಟಬಾರದು ಎಂಬುದು ಬರಹದಲ್ಲಿರಲಿ, ಮೀರಿದರೆ ಪರವಾನಗಿ ಹೋಗಲಿ.

ಆದರೆ ಒಂದು ಮಾತು ಖಾರವಾಗಿಯೇ ಹೇಳಬೇಕು. ಫಿಸಿಶಿಯನ್ ಅಸಿಸ್ಟೆಂಟ್ ನಿಮಗೆ ಹೊಸಬರಲ್ಲ. 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್ ಈ ಕೋರ್ಸ್ ಆರಂಭಿಸಿದರು. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ರೋಗಿಯ ಪೂರ್ವವೃತ್ತಾಂತ ಕೇಳುವ, ಡಿಸ್ಚಾರ್ಜ್ ಸಮ್ಮರಿ ಸಿದ್ಧಮಾಡುವ, ಆಪರೇಷನ್ ಥಿಯೇಟರಿನಲ್ಲಿ ನಿಮ್ಮ ಪಕ್ಕ ನಿಲ್ಲುವ ಕೈಗಳಲ್ಲಿ ಅವರ ಕೈಯೂ ಇದೆ. ಎದೆ ಸೀಳುವ ಕಡೆ ನಂಬಿಕೆಗೆ ಅರ್ಹರಾದ ಸಹಾಯಕರು, ನಮ್ಮೂರಲ್ಲಿ ಬಿಪಿ ಮಾತ್ರೆ ಬರೆಯುವ ಮಾತು ಬಂದ ಕೂಡಲೇ ಅಪಾಯವಾಗುವುದು ಹೇಗೆ?

ವೈದ್ಯರನ್ನೇ ಹಳ್ಳಿಗೆ ಕಳಿಸೋಣ ಎಂದರೆ ಅದಕ್ಕೂ ಕರ್ನಾಟಕ 2012ರಲ್ಲಿ ಕಾಯ್ದೆ ಮಾಡಿತು, ಓದು ಮುಗಿಸಿದವರಿಗೆ ಒಂದು ವರ್ಷದ ಕಡ್ಡಾಯ ಗ್ರಾಮೀಣ ಸೇವೆ. ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರೂ ವೈದ್ಯ ಪದವೀಧರರೇ. ಸಾಲ ಮಾಡಿ ಓದಿದ ಮಕ್ಕಳನ್ನು, ಮುಂದೆ ಪಿ.ಜಿ. ಸೀಟಿಗೆ ಓದಬೇಕಾದವರನ್ನು ನಾನು ದೂಷಿಸಲಾರೆ. ನೀವು ಬರಲಾಗದಿದ್ದರೆ ಬೇಡ. ಬಂದು ಕೂತಿರುವವರ ಕೈ ಕಟ್ಟಬೇಡಿ ಎಂಬುದಷ್ಟೇ ನನ್ನ ಕೋರಿಕೆ. ಹಿಂದೆ ಕಿರು ಅವಧಿಯ ಕೋರ್ಸ್ ಓದಿ ಹಳ್ಳಿಗಳಲ್ಲಿ ನೋಡುತ್ತಿದ್ದ ಎಲ್‌ಎಂಪಿ ಡಾಕ್ಟರರ ಹೆಸರು ಹೇಳುವ ಅಜ್ಜಂದಿರು ಇತ್ತೀಚಿನವರೆಗೂ ಇದ್ದರು. 1946ರಲ್ಲಿ ಭೋರ್ ಸಮಿತಿ ಆ ಕಿರು ಕೋರ್ಸ್ ನಿಲ್ಲಿಸಿ, ಪೂರ್ಣ ಪದವಿಯ ವೈದ್ಯರೊಬ್ಬರೇ ಸಾಕು ಎಂದಿತು. ಬೇಡ, ಹಳ್ಳಿಗೆ ಯಾರೂ ಇಲ್ಲದಂತಾಗುತ್ತದೆ ಎಂದು ಆ ಸಮಿತಿಯೊಳಗೇ ಕೆಲವು ಸದಸ್ಯರು ಭಿನ್ನಮತ ಬರೆದಿಟ್ಟಿದ್ದರು. ಎಲ್‌ಎಂಪಿಯವರು ಕಣ್ಮರೆಯಾದ ಜಾಗದಲ್ಲಿ ಇವತ್ತು ಯಾರಿದ್ದಾರೆ ನೋಡಿ: ಸಂತೆ ದಿನ ಅಂಗಡಿ ತೆರೆದು, ಯಾವ ಕಾಯಿಲೆಗೂ ಒಂದು ಸೂಜಿ, ಒಂದು ಬಾಟಲಿ ಗ್ಲೂಕೋಸ್ ಏರಿಸುವವರು. ನಕಲಿ ವೈದ್ಯರಿಗೆ ಎದುರಾಗಿ ನಿಲ್ಲಬಲ್ಲವರು ಯಾರಾದರೂ ಇದ್ದರೆ ಅದು ನೋಂದಾಯಿತ, ಪದವಿ ಪಡೆದ, ಪ್ರಶ್ನೆಗೆ ಉತ್ತರ ಕೊಡಬೇಕಾದ ನರ್ಸ್.

2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಸಕ್ಕರೆಯ ತಪಾಸಣೆ ಮನೆ ಬಾಗಿಲಿಗೇ ಬಂದಿದೆ. ಒಳ್ಳೆಯದು. ತಪಾಸಣೆ ಹೆಚ್ಚಿದಷ್ಟೂ ಕಾಯಿಲೆ ಪತ್ತೆಯಾಗುತ್ತದೆ, ಪತ್ತೆಯಾದವರೆಲ್ಲ ಒಬ್ಬ ವೈದ್ಯಾಧಿಕಾರಿಯ ಸಹಿಗೆ ಸಾಲು ನಿಲ್ಲುತ್ತಾರೆ. ಆ ವೈದ್ಯಾಧಿಕಾರಿಯ ಪಾಡನ್ನೂ ನೆನೆಯಿರಿ. ಜ್ವರ, ಹೆರಿಗೆ, ಸಭೆ, ವರದಿಗಳ ನಡುವೆ ಒಂದು ನೋಟಕ್ಕೆ ಎಷ್ಟು ನಿಮಿಷ ಸಿಕ್ಕೀತು?

ಆದ್ದರಿಂದ ಮುಂದಿನ ಸಲ 32ನೇ ಕಲಮಿನ ನಿಯಮಗಳ ಮಾತು ಬಂದಾಗ ಬೇಡವೇ ಬೇಡ ಎಂದು ಒಂದು ಸಾಲು ಬರೆದು ಕಳಿಸಬೇಡಿ. ನೀವೇ ಕೂತು ಬರೆಯಿರಿ. ಯಾವ ಪರೀಕ್ಷೆ ಪಾಸಾದವರಿಗೆ ಪರವಾನಗಿ, ಎಷ್ಟು ವರ್ಷಕ್ಕೊಮ್ಮೆ ಮರುಪರೀಕ್ಷೆ, ಎದೆಯ ಮೇಲಿನ ಬಿಲ್ಲೆಯಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಏನಿರಬೇಕು, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಬಿಪಿ ಎಷ್ಟು ದಾಟಿದರೆ ಆಂಬುಲೆನ್ಸ್. ಗರ್ಭಿಣಿಯರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಶುರು ಮಾಡಲೇಬಾರದು ಎಂದಿದ್ದರೆ ಅದನ್ನೂ ಬರೆಯಿರಿ. ಇಷ್ಟು ಬಿಗಿಯಾಗಿ ಬರೆಯಲು ನಿಮ್ಮಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಅನುಮಾನ ಬಂದಾಗ ಸಿಸ್ಟರ್ ಕರೆ ಮಾಡಲು ಪ್ರತಿ ಉಪಕೇಂದ್ರದ ಗೋಡೆಯ ಮೇಲೆ ಒಬ್ಬ ವೈದ್ಯರ ಹೆಸರು, ಫೋನ್ ನಂಬರ್ ಇರಬೇಕು. ಆ ಕರೆ ಎತ್ತುವ ವೈದ್ಯರಿಗೆ ಅದಕ್ಕೆಂದೇ ಸಂಭಾವನೆ ಕೊಡಿ ಎಂದು ಸರ್ಕಾರವನ್ನು ಕೇಳಿ, ನಾವೂ ನಿಮ್ಮ ಜೊತೆಗೆ ಬಂದು ಕೇಳುತ್ತೇವೆ. ಸಿಸ್ಟರ್‌ಗಳ ಗುತ್ತಿಗೆ ಕೊನೆಗೊಳಿಸಿ ಎಂದು ನಾವು ಕೇಳುವಾಗ ನೀವೂ ದನಿಗೂಡಿಸಿ. ಒಂದೇ ಊರಲ್ಲಿ ಹತ್ತು ವರ್ಷ ನಿಂತರೆ ಮಾತ್ರ ಯಾರ ಮನೆಯಲ್ಲಿ ಯಾರ ಕಾಲು ನೋಡಬೇಕೆಂಬುದು ಅವರಿಗೆ ತಿಳಿದಿರುತ್ತದೆ.



ತುಮಕೂರು ಜಿಲ್ಲೆಯ ಒಬ್ಬ ಮಗಳು