ಜೀರುಂಡೆ ಕಾರಿನ ಅಧ್ಯಕ್ಷರು

ದೇಶದ ಅಧ್ಯಕ್ಷರೆಂದರೆ ಹಿಂದೆ ಮುಂದೆ ಸೈರನ್ನು ಕೂಗಬೇಕಲ್ಲವೆ? ಉರುಗ್ವೆಯ ಹೋಸೆ ಮುಹಿಕಾ ಅವರಿಗಿದ್ದದ್ದು 1987ರ ನೀಲಿ ಫೋಕ್ಸ್‌ವ್ಯಾಗನ್ ಬೀಟಲ್, ಅಂದರೆ ಜೀರುಂಡೆ. 2010ರಲ್ಲಿ ಆಸ್ತಿ ಘೋಷಿಸಿದಾಗ ಲೆಕ್ಕಕ್ಕೆ ಸಿಕ್ಕಿದ್ದು ಅದೊಂದೇ, ಬೆಲೆ ಸುಮಾರು 1800 ಡಾಲರ್! ಲೆಕ್ಕ ಬರೆಯುವ ಗುಮಾಸ್ತನಿಗೆ ಅಂದು ಅರ್ಧ ದಿನ ರಜೆ ಸಿಕ್ಕಿರಬೇಕು.

ಅಧ್ಯಕ್ಷರ ಬಂಗಲೆ ಬೇಡವೆಂದು ಅವರು ಉಳಿದದ್ದು ಮಾಂಟೆವಿಡಿಯೊ ಹೊರವಲಯದ ತೋಟದ ಮನೆಯಲ್ಲಿ. ತಗಡಿನ ಸೂರು, ಸುತ್ತ ಹೂವಿನ ಗಿಡ, ಕಾಲಬುಡದಲ್ಲಿ ಮನುವೆಲಾ ಎಂಬ ಮೂರು ಕಾಲಿನ ನಾಯಿ. ನಾಲ್ಕನೆಯದು ಯಜಮಾನರದೇ ಟ್ರ್ಯಾಕ್ಟರಿನಡಿ ಹೋಗಿತ್ತು. ಆದರೂ ಅದು ವಿರೋಧ ಪಕ್ಷ ಸೇರಲಿಲ್ಲ.

2014ರಲ್ಲಿ ಅರಬ್ ಶೇಖ್ ಒಬ್ಬರು ಬೀಟಲ್‌ಗೆ ಹತ್ತು ಲಕ್ಷ ಡಾಲರ್ ಕೊಡುತ್ತೇನೆಂದರು. ಕಾರು ತೋಟ ಬಿಟ್ಟು ಕದಲಲಿಲ್ಲ.

2025ರ ಮೇ ತಿಂಗಳಲ್ಲಿ ಮುಹಿಕಾ ತೀರಿಕೊಂಡರು. ಚಿತಾಭಸ್ಮ ಸೇರಿದ್ದು ಅದೇ ತೋಟಕ್ಕೆ, ಮನುವೆಲಾಳ ಪಕ್ಕದ ಮಣ್ಣಿಗೆ.