ಬೈಗುಳಪ್ರಸಾದ ಮೀಮಾಂಸೆ: ಡಾನ್ ರಿಕಲ್ಸ್ ಕುರಿತು ಒಂದು ಅಧಿಕಪ್ರಸಂಗ

ಜೋಕು ಮೊದಲು, ನಗು ಆಮೇಲೆ. ಕಾರಣವಿಲ್ಲದೆ ಕಾರ್ಯವಿಲ್ಲ ಎನ್ನುವ ತಾರ್ಕಿಕರಾಗಲಿ, ಬಸ್ ಸ್ಟ್ಯಾಂಡಿನಲ್ಲಿ ಹರಟುವ ಪಾಮರರಾಗಲಿ ಇದಕ್ಕೆ ತಕರಾರು ತೆಗೆಯಲಾರರು. ಆದರೆ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಜಾನಿ ಕಾರ್ಸನ್ 1962ರಿಂದ 1992ರವರೆಗೆ ನಡೆಸಿಕೊಟ್ಟ ‘ಟುನೈಟ್ ಶೋ’ ಎಂಬ ಹರಟೆ ಕಾರ್ಯಕ್ರಮದ ಹಳೆಯ ತುಣುಕುಗಳಲ್ಲಿ ಈ ಸಿದ್ಧಾಂತಕ್ಕೆ ಹಾಡಹಗಲೇ ಭಂಗ ಬಂದಿರುವುದು ಕಾಣುತ್ತದೆ. ಪರದೆ ಸರಿಯುತ್ತದೆ. ಗೂಳಿಕಾಳಗದ ತುತ್ತೂರಿ ಮೊಳಗುತ್ತದೆ. ಗಿಡ್ಡ ಕುತ್ತಿಗೆಯ, ಬೋಳುತಲೆಯ, ಸೂಟುಧಾರಿ ಹಾಸ್ಯಗಾರ ಡಾನ್ ರಿಕಲ್ಸ್ ಹೊರಬರುತ್ತಾರೆ. ಇನ್ನೂ ಬಾಯಿ ತೆರೆದಿಲ್ಲ, ಸಭಿಕರಾಗಲೇ ನಗುತ್ತಿದ್ದಾರೆ. ಬೆಂಕಿ ಹಚ್ಚುವ ಮೊದಲೇ ಹೊಗೆ! ಈ ಅನರ್ಥಕ್ಕೆ ಪರಿಹಾರ ಕಾಣಿಸುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ. ಬೇರೆ ಪ್ರಯೋಜನವೇನೂ ಇದಕ್ಕಿಲ್ಲ.

ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ‘ಸ್ವಾಮೀ, ಟೀವಿ ಸ್ಟುಡಿಯೋದಲ್ಲಿ ಚಪ್ಪಾಳೆ ತಟ್ಟಿ ಎಂದು ದೀಪ ಹೊತ್ತಿಸಿ ತೋರಿಸುತ್ತಾರೆ. ಕಾರ್ಯಕ್ರಮ ಶುರುವಾಗುವ ಮೊದಲೇ ಒಬ್ಬ ಬಂದು ಸಭಿಕರನ್ನು ನಗಿಸಿ ಹದ ಮಾಡಿರುತ್ತಾನೆ. ಇದರಲ್ಲೇನು ವಿಶೇಷ?’ ಸಮಾಧಾನವಿಷ್ಟೇ: ದೀಪಕ್ಕೆ ಅಂಗೈ ಬಗ್ಗೀತು, ಹೊಟ್ಟೆ ಬಗ್ಗದು. ಪಕ್ಕದಲ್ಲಿ ಕೂತು ನಗುವುದು ಕಾರ್ಸನ್ನರ ಸಹನಿರೂಪಕ ಎಡ್ ಮೆಕ್‌ಮಹೊನ್ ಅವರಿಗೆ ಉದ್ಯೋಗಧರ್ಮವಾದ್ದರಿಂದ ಅವರ ನಗುವನ್ನೂ ಸಾಕ್ಷ್ಯವಾಗಿ ಪರಿಗಣಿಸತಕ್ಕದ್ದಲ್ಲ. ಆದರೆ ಮೇಜಿನ ಹಿಂದಿದ್ದ ಕಾರ್ಸನ್ ನಕ್ಕದ್ದು ಯಾವ ದೀಪ ನೋಡಿ?

ಇಲ್ಲಿ ಭರತಮುನಿಯನ್ನು ಕರೆಸುವುದು ಅನಿವಾರ್ಯ. ನಾಟ್ಯಶಾಸ್ತ್ರದ ಪ್ರಕಾರ ನಗುವಿನಲ್ಲಿ ಆರು ಬಗೆ. ಸ್ಮಿತ, ಹಸಿತಗಳು ಉತ್ತಮರಿಗೆ, ವಿಹಸಿತ, ಉಪಹಸಿತಗಳು ಮಧ್ಯಮರಿಗೆ. ಕಣ್ಣೀರು ಬರಿಸುವ ಅಪಹಸಿತ ಮತ್ತು ಪಕ್ಕೆ ಹಿಡಿದುಕೊಳ್ಳುವ ಅತಿಹಸಿತ ಅಧಮರ ಪಾಲು. ಅಮೆರಿಕದ ಟೀವಿಯಲ್ಲೇ ಅತ್ಯಂತ ಶಿಸ್ತಿನ ಸೂಟು ತೊಡುತ್ತಿದ್ದ, ನೆಬ್ರಾಸ್ಕದಲ್ಲಿ ಬೆಳೆದ ಮಿತಭಾಷಿ ಕಾರ್ಸನ್, ರಿಕಲ್ಸ್ ಸೋಫಾದ ಮೇಲೆ ಕುಳಿತ ಕೆಲವೇ ನಿಮಿಷಗಳಲ್ಲಿ ಉತ್ತಮರಿಂದ ಅಧಮರಿಗೆ ಇಳಿದು ಕಣ್ಣೊರೆಸಿಕೊಳ್ಳುತ್ತಿದ್ದರು. ಒಬ್ಬ ಗೃಹಸ್ಥನನ್ನು ಎರಡು ವರ್ಗಗಳಷ್ಟು ಕೆಳಕ್ಕೆ ತಳ್ಳುವುದು ಸಾಮಾನ್ಯ ವಿದ್ಯೆಯಲ್ಲ.

ಆಚಾರ್ಯ ರಿಕಲ್ಸ್ ಅವರ ಪೂರ್ವಾಶ್ರಮವನ್ನು ಚುಟುಕಾಗಿ ಹೇಳಬಹುದು. 1926ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಜನನ, ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಸೇವೆ, ಆಮೇಲೆ ನಟನೆಯ ಶಾಲೆ. ನೈಟ್‌ಕ್ಲಬ್ಬುಗಳಲ್ಲಿ ಬರೆದುಕೊಂಡು ಬಂದ ಜೋಕಿಗೆ ಯಾರೂ ನಗುತ್ತಿರಲಿಲ್ಲ; ನಡುವೆ ಬಾಯಿ ಹಾಕಿದ ಕುಡುಕನಿಗೆ ಕೊಟ್ಟ ತಿರುಗೇಟಿಗೆ ಮಾತ್ರ ಕ್ಲಬ್ಬೆಲ್ಲ ನಗುತ್ತಿತ್ತು. ಶಾಸ್ತ್ರ ಹುಟ್ಟಿದ್ದು ಹೀಗೆ. 1957ರಲ್ಲಿ ಮಯಾಮಿ ಬೀಚಿನ ಕ್ಲಬ್ಬೊಂದಕ್ಕೆ ಫ್ರಾಂಕ್ ಸಿನಾತ್ರಾ ಬಂದಾಗ, ಬನ್ನಿ, ನಿಮ್ಮದೇ ಮನೆ ಅಂದುಕೊಳ್ಳಿ, ಯಾರಿಗಾದರೂ ಎರಡು ಬಾರಿಸಿ ಎಂಬರ್ಥದ ಸ್ವಾಗತವನ್ನು ರಿಕಲ್ಸ್ ಕೋರಿದರಂತೆ. ಸಿನಾತ್ರಾ ಕೈಯ ಹುರುಪು ಊರಿಗೇ ಗೊತ್ತಿತ್ತು. ಆ ಗಾಯಕಮಹಾಶಯ ಅಂದು ನಗದೆ ಹೋಗಿದ್ದರೆ ಶಾಸ್ತ್ರವು ಮೊದಲನೇ ಅಧ್ಯಾಯದಲ್ಲೇ ಆಚಾರ್ಯರನ್ನು ಕಳೆದುಕೊಳ್ಳುತ್ತಿತ್ತು. ನಕ್ಕರು. 1965ರಲ್ಲಿ ಟುನೈಟ್ ಶೋ ಪ್ರವೇಶ.

ಇನ್ನು ‘ಸಂದರ್ಶನ’ ಎಂಬ ಪ್ರಕಾರದ ಪರಿಶೀಲನೆ. ಅತಿಥಿಯ ಜೊತೆ ಕಾರ್ಯಕ್ರಮದ ಸಿಬ್ಬಂದಿ ಮೊದಲೇ ಮಾತಾಡಿ, ಯಾವ ಪ್ರಶ್ನೆಗೆ ಯಾವ ಕತೆ ಬರುತ್ತದೆಂದು ಗೊತ್ತುಮಾಡಿಕೊಂಡು, ನಿರೂಪಕನ ಕೈಗೆ ಚೀಟಿ ಕೊಡುವುದು ಈ ಕಾರ್ಯಕ್ರಮಗಳ ಪದ್ಧತಿ. ಎಂದರೆ ಪ್ರಶ್ನೆ ಕೇಳುವವನಿಗೆ ಉತ್ತರ ಗೊತ್ತಿರುತ್ತದೆ. ಆದರೂ ಆಶ್ಚರ್ಯಪಡುವುದು ಅವನ ಕರ್ತವ್ಯ. ರಿಕಲ್ಸ್ ಎದುರು ಚೀಟಿಗೆ ಬೆಲೆಯಿಲ್ಲ. ಪ್ರಶ್ನೆ ಅರ್ಧಕ್ಕೆ ಬರುವಷ್ಟರಲ್ಲಿ ಪ್ರಶ್ನಿಸಿದವನ ಮದುವೆಗಳ ಸಂಖ್ಯೆ, ಸೋಫಾದ ಆ ತುದಿಗೆ ಜರುಗಿ ಕೂತ ಹಿಂದಿನ ಅತಿಥಿಯ ಮುಖಲಕ್ಷಣ, ವಾದ್ಯಗೋಷ್ಠಿಯವರ ಯೋಗ್ಯತೆ ಎಲ್ಲವೂ ವಿಚಾರಣೆಗೆ ಬಂದಿರುತ್ತಿದ್ದವು. ಸಿಟ್ಟು ಬಂದಂತೆ ನಟಿಸಿ ಬೈಯುವಾಗ ಆಚಾರ್ಯರ ಪ್ರಿಯ ಸಂಬೋಧನೆ ‘ಹಾಕಿ ಪಕ್’, ಅಂದರೆ ಮಂಜಿನ ಮೇಲೆ ಆಟಗಾರರು ಕೋಲಿನಿಂದ ಬಾರಿಸುವ ರಬ್ಬರ್ ಬಿಲ್ಲೆ.

ಇಷ್ಟಾದರೂ ಬೈಸಿಕೊಂಡವರು ಬೀಗುತ್ತಿದ್ದರು! ಈ ಗುಟ್ಟು ತಿಳಿಯಬೇಕಾದರೆ ನಮ್ಮ ಮದುವೆಮನೆಯ ಬೀಗರ ಹಾಡು ನೆನೆಯಬೇಕು. ಬೀಗಿತ್ತಿಯ ಮೂಗು, ನಡಿಗೆ, ಉಂಡ ಹೋಳಿಗೆಯ ಲೆಕ್ಕ ಎಲ್ಲವನ್ನೂ ಹೆಂಗಸರು ರಾಗವಾಗಿ ಹಾಡಿ ಹಂಗಿಸುತ್ತಾರೆ. ಹಾಡಿನಲ್ಲಿ ತನ್ನ ಹೆಸರು ಬಾರದ ಅತ್ತಿಗೆ ಮಾತ್ರ ಮುಖ ಊದಿಸಿಕೊಳ್ಳುತ್ತಾಳೆ. ಬೈಗುಳವೆಂದರೆ ನಿನ್ನನ್ನು ನೋಡಿದ್ದೇನೆ ಎಂಬುದಕ್ಕೆ ರಸೀದಿ. ಲಾಸ್ ವೇಗಸ್‌ನಲ್ಲಿ ದುಡ್ಡು ಕೊಟ್ಟು ಮುಂದಿನ ಸಾಲಿನಲ್ಲಿ ಕೂತವರಿಗೆ ಬೇಕಿದ್ದದ್ದೂ ಆ ರಸೀದಿಯೇ. ಕಾರ್ಸನ್ ಅಂತೂ ಆಚಾರ್ಯರಿಗೆ ‘ಮಿಸ್ಟರ್ ವಾರ್ಮ್ತ್’ ಎಂದು ಬಿರುದು ಕೊಟ್ಟು, ವಾತ್ಸಲ್ಯಮೂರ್ತಿ ಎಂದು ಹಂಗಿಸಿ ಸಾಲ ತೀರಿಸಿದರು.

ಪ್ರವೇಶಕ್ಕೆ ಗೂಳಿಕಾಳಗದ ಸಂಗೀತ ಸರಿ, ಆದರೆ ಗೂಳಿ ಯಾರು? ಇದು ಉಪಪ್ರಶ್ನೆ. ಇದಕ್ಕೆ 1976ರ ಸಿಗರೇಟು ಪೆಟ್ಟಿಗೆಯ ವೃತ್ತಾಂತವೇ ಪ್ರಮಾಣ. ಕಾರ್ಸನ್ ರಜೆಯಲ್ಲಿದ್ದ ರಾತ್ರಿ ಅವರ ಕುರ್ಚಿಯಲ್ಲಿ ಬಾಬ್ ನ್ಯೂಹಾರ್ಟ್ ಕೂತಿದ್ದರು. ಮೊದಲು ಲೆಕ್ಕ ಬರೆಯುತ್ತಿದ್ದು ಆಮೇಲೆ ಹಾಸ್ಯಕ್ಕೆ ಬಂದ ಈ ಮೆಲುದನಿಯವರು ಬೈಗುಳಾಚಾರ್ಯರ ಪರಮಾಪ್ತ ಗೆಳೆಯ, ಲೋಕದ ವೈಚಿತ್ರ್ಯ! ರಿಕಲ್ಸ್ ಆವೇಶದಲ್ಲಿ ಮೇಜಿನ ಮೇಲಿದ್ದ ಕಾರ್ಸನ್ನರ ಮರದ ಪೆಟ್ಟಿಗೆಯನ್ನು ಕುಟ್ಟಿ ಮುರಿದರು. ಮರುದಿನ ಕಾರ್ಸನ್ ಮುರಿದ ಪೆಟ್ಟಿಗೆ ಕಂಡರು, ವಿಷಯ ಕೇಳಿದರು, ಎದ್ದರು. ಕ್ಯಾಮೆರಾ ಹಿಂದೆ ಬರಲೆಂದು ಹೇಳಿ, ಬರ್ಬ್ಯಾಂಕಿನ ಅದೇ ಕಟ್ಟಡದಲ್ಲಿ ರಿಕಲ್ಸ್ ನಟಿಸುತ್ತಿದ್ದ ‘ಸಿ.ಪಿ.ಒ. ಶಾರ್ಕಿ’ ಧಾರಾವಾಹಿಯ ಚಿತ್ರೀಕರಣಕ್ಕೇ ನುಗ್ಗಿದರು. ನೌಕಾಪಡೆಯ ಸಮವಸ್ತ್ರ ತೊಟ್ಟು ಇತರರನ್ನು ಗದರಿಸುವ ಪಾತ್ರಧಾರಿ, ಶಾಲೆಯಲ್ಲಿ ಮಸಿಕುಡಿಕೆ ಒಡೆದ ಹುಡುಗನಂತೆ ತೊದಲಿದರು. ಆ ದಿನ ಎರಡೂ ಕಡೆಯ ಸಭಿಕರು ನಕ್ಕದ್ದು ಅತಿಹಸಿತವೇ. ಆದ್ದರಿಂದ ಗೂಳಿಯ ಹುದ್ದೆ ಖಾಯಂ ಅಲ್ಲ, ಸರದಿಯ ಪ್ರಕಾರ ಬರತಕ್ಕದ್ದು.

ಒಂದು ಎಡವಟ್ಟನ್ನು ಶಾಸ್ತ್ರಕಾರರು ಮುಚ್ಚಿಡಬಾರದು. ಜನಾಂಗ, ಮೈಬಣ್ಣ, ಊರುಕೇರಿ ಹಿಡಿದು ಆಡಿದ ಆಚಾರ್ಯರ ಎಷ್ಟೋ ಮಾತುಗಳನ್ನು ಇಂದು ಹಾಳೆಗಿಳಿಸಿದರೆ ಅದು ಬರೀ ಬೈಗುಳವೇ, ಹಳಸಿದ ಬೈಗುಳ. ಕಾರ್ಯಕ್ರಮದ ಕೊನೆಗೆ ಇದೆಲ್ಲ ತಮಾಷೆಗೆ ಎಂದು ಗಂಟಲು ಬಿಗಿಹಿಡಿದು ಹೇಳುವ ವಾಡಿಕೆ ಅವರಿಗಿತ್ತು. ಪ್ರಾಯಶ್ಚಿತ್ತದ ಅಗತ್ಯ ಅವರಿಗೂ ಗೊತ್ತಿತ್ತೆಂದಾಯಿತು. ಕಣ್ಣರಳಿಸುವುದು, ಅರೆಕ್ಷಣ ತಡೆಯುವುದು, ಬೈದ ಮೇಲೆ ತಾನೇ ಹೆದರಿದಂತೆ ತಿರುಗಿ ನೋಡುವುದು, ಆ ಮಾತುಗಳನ್ನು ನಗುವಾಗಿಸುತ್ತಿದ್ದ ಇವೆಲ್ಲ ಅಚ್ಚಿನಮನೆಯ ಕೈಗೆ ಸಿಗುವಂಥವಲ್ಲ.

2007ರಲ್ಲಿ ನಿರ್ದೇಶಕ ಜಾನ್ ಲ್ಯಾಂಡಿಸ್, ಆಚಾರ್ಯರ ಮೇಲೆ ಸಾಕ್ಷ್ಯಚಿತ್ರ ತೆಗೆದರು, ಅದರಲ್ಲಿನ ಆಚಾರ್ಯರ ಪ್ರದರ್ಶನಕ್ಕೆ ಮರುವರ್ಷ ಎಮ್ಮಿ ಪ್ರಶಸ್ತಿ ಬಂತು. ವಯಸ್ಸಾಗಿ ನಡಿಗೆ ನಿಧಾನವಾದ ಮೇಲೆ ಮತ್ತೊಬ್ಬ ಟೀವಿ ನಿರೂಪಕ ಡೇವಿಡ್ ಲೆಟರ್‌ಮನ್ ಪಕ್ಕದ ಕುರ್ಚಿಗೆ ಬಂದು ಕೂರುವಷ್ಟರಲ್ಲೇ ಸಭೆ ಎದ್ದು ನಿಂತಿರುತ್ತಿತ್ತು. 2017ರ ಏಪ್ರಿಲ್‌ನಲ್ಲಿ, 90ರ ಹರೆಯದಲ್ಲಿ ತೀರಿಕೊಂಡರು.

ಸಿದ್ಧಾಂತ: ಸಭಿಕ ನಗುವುದು ಜೋಕಿಗಲ್ಲ. ಈಗ ನನ್ನ ಸರದಿಯೇ ಬಂದೀತೆಂಬ ಭಯ, ಬಾರದೆ ಹೋದೀತೆಂಬ ಇನ್ನೂ ದೊಡ್ಡ ಭಯ, ಇವೆರಡೂ ತುತ್ತೂರಿಯ ಮೊದಲ ಸ್ವರಕ್ಕೇ ಹೊಟ್ಟೆಯಲ್ಲಿ ಕಲೆಯುತ್ತವೆ. ಕಾರಣ ಹೀಗೆ ಮೊದಲೇ ಒಳಗಿರುವುದರಿಂದ ತಾರ್ಕಿಕರ ಮಾನ ಉಳಿಯಿತು.

ಫಲಶ್ರುತಿ: ಈ ಮೀಮಾಂಸೆಯನ್ನು ನಗದೆ ಕೊನೆಯವರೆಗೆ ಓದಿದವರು ಡಾಕ್ಟರೇಟಿಗೆ ಅರ್ಹರು. ನಡುವೆ ನಕ್ಕವರು ಮುಂದಿನ ಸಾಲಿಗೆ ಬಂದು ಕೂರಬಹುದು. ಮೊದಲ ಪ್ಯಾರಾ ಓದಿ ನೇರ ಇಲ್ಲಿಗೆ ಹಾರಿಬಂದ ಹಾಕಿ ಪಕ್‌ಗಳಿಗೂ ಪ್ರಸಾದ ಸಿಕ್ಕಂತಾಯಿತು.